ಎರಡು ರಿಂಗ್ ಅಂದರೆ ಕಂಪ್ಲಿ

೮ ಜೂನ್ ೧೯೯೮, ಸೋಮವಾರ
ಹೊಸಪೇಟೆ

ಇವತ್ತಿನಿಂದ ಪಿಎಚ್‌ಡಿ ಪ್ರಬಂಧಕ್ಕೆಂದು ರಜೆ. ಕಾಲೇಜಿನ ಗಂಟೆ ಇಲ್ಲ, ಪಿಯುಸಿ ಹುಡುಗರ ಜೋಲು ಮುಖ ಇಲ್ಲ. ನವೆಂಬರ್ ಮುಗಿಯುವುದರೊಳಗೆ ಪ್ರಬಂಧ ಒಪ್ಪಿಸಬೇಕು, ಇಲ್ಲದಿದ್ದರೆ ನೋಂದಣಿ ರದ್ದು. ಧಾರವಾಡದ ನನ್ನ ಗೈಡು ಫೋನಿನಲ್ಲಿ ಹೇಳಿದ್ದು ಇಷ್ಟು: "ಓಬಳೇಶ, ಆರು ವರ್ಷ ಆತು. ಇನ್ನ ನನ್ನ ಕೈಯಾಗಿಲ್ಲ." ಆ ಮನುಷ್ಯನ ಕೈಯಲ್ಲಿ ಹಿಂದೆ ಏನಿತ್ತೋ ದೇವರಿಗೇ ಗೊತ್ತು.

ಫಿಸಿಕ್ಸ್ ಕಲಿಸುವ ಗುಡ್ಡಪ್ಪ ಬಂದು ಎಂದಿನಂತೆ ಕಾಲೆಳೆದ. "ಲೇ, ಮೊಬೈಲ್ ಫೋನಿನ ಮ್ಯಾಲ ಬರೀತಿ. ಹೊಸಪ್ಯಾಟ್ಯಾಗ ಒಬ್ಬನ ಕೈಯಾಗರ ನೋಡಿಯೇನು? ಕೂಸು ಹುಟ್ಟೋಕಿಂತ ಮೊದಲ ಕುಲಾವಿ ಹೊಲಿಸಿದಂಗಾತು."

ಅವನಿಗೆ ತಿಳಿಯುವಂತೆ ಹೇಳಿದೆ. ತಂತಿಯ ಫೋನು ಮನೆಯಲ್ಲೇ ಬಿದ್ದಿರುತ್ತದೆ, ಮೊಬೈಲು ಜೇಬಿನಲ್ಲಿ ಊರೂರು ತಿರುಗುತ್ತದೆ. ಅದಕ್ಕೊಂದು ಕರೆ ಬಂದರೆ ಯಾವ ಗೋಪುರದಿಂದ ಕೂಗಬೇಕು? ದಾರಿ ಎರಡು. ಫೋನು ಒಂದು ವಲಯ ಬಿಟ್ಟು ಇನ್ನೊಂದಕ್ಕೆ ಹೋದಾಗಲೆಲ್ಲ ತಾನೇ ತಿಳಿಸಬೇಕು. ಇಲ್ಲವೆ ಅದು ಸುಮ್ಮನಿರಲಿ, ಕರೆ ಬಂದಾಗ ಒಂದೊಂದೇ ವಲಯದಲ್ಲಿ ಕೂಗಿ ಹುಡುಕಬೇಕು. ತಿಳಿಸಿದರೂ ಖರ್ಚು, ಹುಡುಕಿದರೂ ಖರ್ಚು. ಎರಡರ ನಡುವೆ ಎಲ್ಲಿ ನಿಲ್ಲಬೇಕು ಅನ್ನುವುದೇ ನನ್ನ ಲೆಕ್ಕ. ಗುಡ್ಡಪ್ಪ ಆಕಳಿಸಿದ.

ಗೈಡಿನ ತಕರಾರು ಬೇರೆ. ನನ್ನ ಓಡಾಟದ ಅಂಕಿಗಳೆಲ್ಲ ಊಹೆಯವಂತೆ, ನಿಜವಾದ ಮನುಷ್ಯರ ಓಡಾಟ ಬೇಕಂತೆ. ಎಲ್ಲಿಂದ ತರಲಿ, ಸಂತೆಯಿಂದಲೇ? ಹಾಗೆ ಬೈದುಕೊಳ್ಳುತ್ತ ಚಾ ಕುಡಿಯುತ್ತಿದ್ದಾಗ ಫೋನು ಒಂದು ಸಲ ಬಡಿದು ನಿಂತಿತು. ಹೊನ್ನೂರಮ್ಮ, ನನ್ನ ಹೆಂಡತಿ. ದರೋಜಿಯಲ್ಲಿ ನರ್ಸಮ್ಮ. ಸೋಮವಾರ ಹೋಗಿ ಶನಿವಾರ ಸಂಜೆ ಬರುತ್ತಾಳೆ. ಮುಟ್ಟಿದೆ ಅನ್ನುವುದಕ್ಕೆ ಎಸ್‌ಟಿಡಿ ಬೂತಿನಿಂದ ಹೀಗೆ ಒಂದು ರಿಂಗ್ ಕೊಟ್ಟು ಇಡುತ್ತಾಳೆ. ಎತ್ತಿದರೆ ದುಡ್ಡು, ಎತ್ತದಿದ್ದರೆ ಪುಕ್ಕಟೆ. ಊರೆಲ್ಲ ಮಾಡುವುದೇ.

ಕಪ್ಪು ಕೆಳಗಿಟ್ಟೆ. ಅಂಕಿ ನನ್ನ ಮನೆಯಲ್ಲೇ ಇದೆಯಲ್ಲ!

೧೪ ಜೂನ್, ಭಾನುವಾರ

ನೆಲದ ಮೇಲೆ ಮೂರು ಊಟದ ತಟ್ಟೆ ಇಟ್ಟು ಅವಳಿಗೆ ತೋರಿಸಿದೆ. "ಇದು ದರೋಜಿ, ಇದು ಕಂಪ್ಲಿ, ಇದು ಕುರೆಕುಪ್ಪ. ನಿನ್ನ ಕೆಲಸ ಈ ಮೂರು ಕಡೆನೇ. ತಟ್ಟಿ ಬದಲಾದ ಕೂಡ್ಲೆ ರಿಂಗ್ ಕೊಡಬೇಕು. ದರೋಜಿಗೆ ಒಂದು, ಕಂಪ್ಲಿಗೆ ಎರಡು, ಕುರೆಕುಪ್ಪಕ್ಕ ಮೂರು. ರಿಂಗ್ ಬರಲಿಲ್ಲ ಅಂದ್ರ ನೀ ಇದ್ದಲ್ಲೇ ಅದಿ ಅಂತ ನಾ ತಿಳ್ಕೊಂತೀನಿ."

"ಹೊಸಪ್ಯಾಟಿಗೆ ಎಷ್ಟು?"

"ಇಲ್ಲಿಗೆ ಬಂದ್ರ ಕಣ್ಣ ಮುಂದ ಇರ್ತಿ. ರಿಂಗ್ ಯಾಕ?"

"ಅಯ್ಯ ನಿಮ್ಮ! ನಾನೇನು ಅದಿರಿನ ಲಾರಿ ಏನ್ರಿ, ಚೆಕ್‌ಪೋಸ್ಟಿನಾಗ ಚೀಟಿ ಕೊಟ್ಟು ಹೋಗಾಕ?" ಅಂತ ನಕ್ಕಳು. ಆದರೂ ಒಪ್ಪಿದಳು. ನನ್ನ ಪ್ರಬಂಧ ಮುಗಿದರೆ ಸಾಕು ಅನ್ನುವುದು ಅವಳಿಗೂ ಇದೆ. ಕಂಪ್ಲಿಗೆ ಹೋದಾಗ ನಮ್ಮ ಅವ್ವನನ್ನೂ ನೋಡಿಕೊಂಡು ಬರುತ್ತಾಳೆ. ಅತ್ತೆ ಸೊಸೆ ಕೂತರೆ ಮಾತು ಮುಗಿಯುವುದಿಲ್ಲ.

ನಿಜ ಹೇಳಬೇಕೆಂದರೆ ಈ ವಿದ್ಯೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಅಪ್ಪ ಕಂಪ್ಲಿಯ ಕಾಲುವೆಯ ಮೇಲೆ ನೀರುಗಂಟಿ. ಭತ್ತ ನಾಟಿ ಮಾಡುವಾಗ ಅವ್ವ ಹೆಣ್ಣಾಳುಗಳ ಸಾಲಿನಲ್ಲಿ ಗದ್ದೆಯಿಂದ ಗದ್ದೆಗೆ ಹೋಗುತ್ತಿದ್ದಳು. ಕಾಲುವೆಯಿಂದ ನೀರು ಬಿಡುವ ಒಂದೊಂದು ತೂಬಿನ ಹತ್ತಿರ ಬಂದಾಗಲೂ "ಇದೀನೀ..." ಅಂತ ಕೂಗು ಹಾಕಬೇಕು, ಅದು ಅಪ್ಪನ ಮಾತು. ಅಪ್ಪ ಏರಿಯ ಮೇಲೆ ಬೇವಿನ ನೆರಳಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದ, ನಾನು ಅವನ ತೊಡೆಯ ಮೇಲೆ. "ಮೂರನೇ ತೂಬಿಗೆ ಬಂದ್ಲು ನೋಡು ನಿಮ್ಮವ್ವ" ಅನ್ನುತ್ತಿದ್ದ. ಆ ಕೂಗು ಕಿವಿಗೆ ಬಿದ್ದರೆ ನನಗೆ ಹಾಯಾಗಿ ನಿದ್ದೆ ಬರುತ್ತಿತ್ತು. ಅಪ್ಪನಿಗೆ ಅವ್ವನ ಮೇಲೆ ಎಷ್ಟು ಅಕ್ಕರೆ ಇತ್ತು ಅಂತ ಈಗ ತಿಳಿಯುತ್ತದೆ.

೨೬ ಜೂನ್, ಶುಕ್ರವಾರ

ಅಂಕಿ ಬರುತ್ತಿವೆ. ಒಂದು, ಮೂರು, ಒಂದು, ಎರಡು, ಒಂದು. ಒಂದೊಂದು ರಿಂಗಿಗೂ ಮೈ ಜುಮ್ ಅನ್ನುತ್ತದೆ. ಹಾಳೆಯ ಮೇಲೆ ಮೂರು ವಲಯ, ನಡುವೆ ಬಾಣಗಳು, ಒಂದೊಂದು ಬಾಣಕ್ಕೂ ಒಂದೊಂದು ಸಂಭವನೀಯತೆ.

ನನ್ನ ಮಾದರಿಯಲ್ಲಿ ನಡೆಯುವವರಿಗೆ ನೆನಪಿಲ್ಲ. ಈಗ ಎಲ್ಲಿದ್ದಾರೋ ಅಷ್ಟೇ ಲೆಕ್ಕಕ್ಕೆ. ಎಲ್ಲಿಂದ ಬಂದರು, ಅಲ್ಲಿ ಏನಾಯಿತು, ಅದೆಲ್ಲ ಬೇಡ. ನೆನಪು ತೆಗೆದುಹಾಕಿದರೆ ಗಣಿತ ಎಷ್ಟು ಹಗುರ ಆಗುತ್ತದೆ ಅಂದರೆ ಗುಡ್ಡಪ್ಪನಿಗೂ ಅರ್ಥವಾಯಿತು.

೯ ಜುಲೈ, ಗುರುವಾರ

ಇವತ್ತು ಕೆಟ್ಟ ದಿನ. ಬೆಳಿಗ್ಗೆ ದರೋಜಿ ಬಿಟ್ಟವಳು ಮಧ್ಯಾಹ್ನ ಕಳೆದರೂ ಕಂಪ್ಲಿಯ ರಿಂಗ್ ಕೊಡಲಿಲ್ಲ. ಕೊನೆಗೆ ನಾನೇ ಅವ್ವನ ಪಕ್ಕದ ಮನೆಯ ಪಕೀರಮ್ಮನ ಬೂತಿಗೆ ಫೋನು ಹಚ್ಚಿ ಕರೆಸಿದೆ.

"ಬಸ್ಸಿನಾಗ ಡೀಸಲ್ ವಾಸನಿಗೆ ಹೊಟ್ಟಿ ತೊಳಸಿದಂಗಾತ್ರಿ. ದಾರ್ಯಾಗ ಇಳದು ಗಿಡದ ಬುಡಕ ಕುಂತಿದ್ದೆ."

"ಯಾವ ಗಿಡ?"

"ಏನು?"

"ಯಾವ ಗಿಡದ ಬುಡಕ? ದರೋಜಿ ಕಡೆನೋ, ಕಂಪ್ಲಿ ಕಡೆನೋ?"

ಸುಮ್ಮನಿದ್ದರೆ ನಾನು ಏನಂತ ಬರೆದುಕೊಳ್ಳಲಿ? ವರ್ಷಗಟ್ಟಲೆ ಇದೇ ಬಸ್ಸಿನಲ್ಲಿ ಓಡಾಡಿದವಳಿಗೆ ಈಗ ಡೀಸಲ್ ವಾಸನೆ. ಊರಿಗೆ ಬಂದಾಕಿ ನೀರಿಗೆ ಬರದಂಗ ಇರ್ತಾಳೇನು ಅಂತಾರೆ. ಎಲ್ಲಿ ಹೋದರೂ ಕೊನೆಗೆ ಬೂತಿಗೆ ಬರಲೇಬೇಕಲ್ಲ. ಅದಕ್ಕೇ ಹೊಸ ನಿಯಮ: ಜಾಗ ಬದಲಾಗಲಿ ಬಿಡಲಿ, ಮುಂಜಾನೆ ಒಂದು ಸಲ, ಸಂಜೆ ಒಂದು ಸಲ ರಿಂಗ್ ಬರಲೇಬೇಕು. ನಿಯಮ ನನ್ನದಲ್ಲ, ಪುಸ್ತಕದಲ್ಲೇ ಇದೆ.

೧೯ ಜುಲೈ, ಭಾನುವಾರ

ಹಂಪಿಗೆ ಹೋಗೋಣ ಅಂದಳು. ಹೊಳೆ ದಂಡೆಯಲ್ಲಿ ಕೂತು ಬಾಳೆಹಣ್ಣು ತಿಂದು ಬರೋಣ, ಮದುವೆಯಾದ ಹೊಸದರಲ್ಲಿ ಹೋದ ಹಾಗೆ. ಭಾನುವಾರ ವಾರದ ಅಂಕಿ ತಾಳೆ ನೋಡುವ ದಿನ, ಆಗುವುದಿಲ್ಲ ಅಂದೆ. ಎದುರಿಗೆ ಕೂರಿಸಿಕೊಂಡು ವಾರದ ಒಂದೊಂದು ರಿಂಗನ್ನೂ ಕೇಳಿದೆ. ಮಂಗಳವಾರ ಕುರೆಕುಪ್ಪದಲ್ಲಿ ಅಷ್ಟು ಹೊತ್ತು ಯಾಕೆ? ಕೂಲಿಯವರ ಜೋಪಡಿಯಲ್ಲಿ ಕೂಸಿಗೆ ಜ್ವರ ಅಂದಳು. ಕೂಸಿನ ಹೆಸರು ಕೇಳಿದೆ. ಹೆಸರಿಟ್ಟಿಲ್ಲ ಅಂದಳು. ನಗಲಿಲ್ಲ.

ಆಮೇಲೆ ಬಾಗಿಲಿಗೆ ಆತುಕೊಂಡು, "ಪಂಚಮಿಗೆ ಸೊಂಡೂರಿಗೆ ಹೋಗಿಬರ್ತೀನ್ರಿ. ಅಣ್ಣ ಕರಿಯಾಕ ಬರ್ತಾನ" ಅಂದಳು. ಅವಳ ಅಣ್ಣ ಹನುಮಣ್ಣ ಅಲ್ಲಿನ ಗಣಿಯಲ್ಲಿ ಕೆಲಸಕ್ಕಿದ್ದಾನೆ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ನನಗೂ ಗೊತ್ತು. ಆದರೆ ಸೊಂಡೂರು ನನ್ನ ಮೂರು ವಲಯದೊಳಗಿಲ್ಲ. ನಡುವೆ ಒಂದು ವಾರ ಅಂಕಿ ಹರಿದರೆ ಪೂರಾ ಸರಣಿ ಹಾಳು.

"ಈ ವರ್ಷ ಬ್ಯಾಡ" ಅಂದೆ. ಮೆತ್ತಗೇ ಅಂದೆ.

೨೮ ಜುಲೈ, ಮಂಗಳವಾರ

ಪಂಚಮಿ. ಉಂಡಿ ಕಟ್ಟಿದಳು. ತಾನು ತಿನ್ನಲಿಲ್ಲ. ಓಣಿಯಲ್ಲಿ ಹುಡುಗಿಯರು ಜೋಕಾಲಿ ಕಟ್ಟಿ ಕಿರುಚುತ್ತಿದ್ದರು, ಕಿಟಕಿ ಹಾಕಿದೆ. ಇಲ್ಲದಿದ್ದರೆ ಫೋನಿನ ಸದ್ದು ಕೇಳುವುದಿಲ್ಲ.

ಯಾರ ಫೋನು ಬರಬೇಕಿತ್ತು ಇವತ್ತು? ಅವಳು ಮನೆಯಲ್ಲೇ ಇದ್ದಳು.

೬ ಆಗಸ್ಟ್, ಗುರುವಾರ

ಸಂಜೆಯ ರಿಂಗ್ ಬರಲಿಲ್ಲ. ದೀಪ ಹಚ್ಚುವ ಹೊತ್ತಾಯಿತು, ಬರಲಿಲ್ಲ. ಗುಡ್ಡಪ್ಪನ ಸ್ಕೂಟರ್ ಇಸಿದುಕೊಂಡು ದರೋಜಿಗೆ ಹೋದೆ. ದಾರಿಯುದ್ದಕ್ಕೂ ಬಂಡೆಗಳ ನಡುವೆ ಕತ್ತಲು. ಕರಡಿ ಅಡ್ಡ ಬರುತ್ತವೆ ಅಂತ ಎಲ್ಲರೂ ಹೆದರಿಸುತ್ತಾರೆ, ನನಗೆ ಆ ಯೋಚನೆಯೇ ಬರಲಿಲ್ಲ.

ಕ್ವಾರ್ಟರ್ಸಿಗೆ ಬೀಗ. ಅವಳು ರಿಂಗ್ ಕೊಡುವ ಬೂತಿನ ಕೆಂಚಣ್ಣನೂ ಅಂಗಡಿ ಮುಚ್ಚಿದ್ದ. ವಿಚಾರಿಸಿದರೆ, ಅವನ ಹೆಂಡತಿಗೇ ಹೆರಿಗೆ ನೋವು, ನರ್ಸಮ್ಮ ಅವರ ಮನೆಯಲ್ಲೇ ಇದ್ದಾಳೆ ಅಂದರು. ಹೋಗಿ ಬಾಗಿಲಲ್ಲಿ ನಿಂತು ಕರೆದೆ. ಒಳಗೆ ಹೆಂಗಸರ ಗದ್ದಲ, ಒಬ್ಬಾಕೆ ಒದರುತ್ತಿದ್ದಳು. "ಈಗ ಆಗಂಗಿಲ್ಲ, ಹೊರಗ ನಿಂದರ್ರಿ" ಅಂತ ಹೊನ್ನೂರಮ್ಮನ ದನಿ. ಮತ್ತೆ ಕರೆದೆ. ಬರುವ ತನಕ ಕರೆದೆ.

ಬಂದಳು. ಮೊಣಕೈ ತನಕ ರಕ್ತ. "ಅಡ್ಡ ಸಿಕ್ಕೈತ್ರಿ ಕೂಸು. ಏನು ಬೇಕು ನಿಮಗ?"

"ರಿಂಗ್ ಯಾಕ ಬರಲಿಲ್ಲ? ಅಷ್ಟ ಹೇಳು."

ನನ್ನ ಮುಖ ನೋಡುತ್ತ ನಿಂತಳು. ಎರಡು ಜೀವ ಒಳಗಿವೆ, ನಿಮಗೆ ರಿಂಗ್ ಚಿಂತೆ ಅಂತ ಏನೋ ಅಂದಳು. ಅಷ್ಟು ಜನರ ಮುಂದೆ. ಕೈ ತಾಗಿತು. ಬಳೆ ಒಡೆದವು. ಗಾಜಿನ ಬಳೆ, ಮುಟ್ಟಿದರೆ ಸಾಕು ಒಡೆಯುತ್ತವೆ.

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೆಂಚಣ್ಣ ಅಂಗಳದಲ್ಲಿ ನಿಂತು ಎಲ್ಲ ನೋಡುತ್ತಿದ್ದ. ನಾನು ಕೇಳಿದ್ದು ಒಂದೇ ಪ್ರಶ್ನೆ. ಅಲ್ಲಿದ್ದವರಲ್ಲಿ ಒಬ್ಬರಿಗೂ ಅದು ಅರ್ಥವಾಗಲಿಲ್ಲ.

೭ ಆಗಸ್ಟ್, ಶುಕ್ರವಾರ

ಗುಡ್ಡಪ್ಪ ಸ್ಕೂಟರ್ ಒಯ್ಯಲು ಬಂದ. "ಹ್ಯಾಂಡಲ್ ಮ್ಯಾಲ ಇದೇನಲೇ, ರಕ್ತ?" ಅಂದ. ಹೆರಿಗೆಯದು ಅಂದೆ. ಚಾ ಕುಡಿಯಲೂ ನಿಲ್ಲಲಿಲ್ಲ.

೧೬ ಆಗಸ್ಟ್, ಭಾನುವಾರ

ಈಗ ಎಲ್ಲ ಸರಿಹೋಗಿದೆ. ಹತ್ತು ದಿನದಿಂದ ಒಂದು ರಿಂಗೂ ತಪ್ಪಿಲ್ಲ. ಮನೆಗೆ ಬಂದರೆ ಸುಮ್ಮನೆ ತನ್ನ ಕೆಲಸ ತಾನು. ಹೊಸ ಬಳೆ ತಂದುಕೊಟ್ಟೆ, ಪೆಟ್ಟಿಗೆಯಲ್ಲಿಟ್ಟಳು.

ಮೊದಲ ಸಲ ನನ್ನ ಲೆಕ್ಕದ ಬಗ್ಗೆ ಅವಳೇ ಕೇಳಿದಳು. ಊಟಕ್ಕೆ ಬಡಿಸುತ್ತ ಕೇಳಿದಳು.

"ರಿಂಗ್ ಬರ್ತಿದ್ರ ನೀವು ಹುಡುಕಾಕ ಬರಂಗಿಲ್ಲ. ಹೌದಿಲ್ಲೋ?"

"ಹೌದು. ತಿಳಿಸಿದ ಮ್ಯಾಲ ಹುಡುಕೋದು ದಂಡ. ಅದ ಪೂರಾ ಮಾದರಿ ತಿರುಳು."

"ರಿಂಗ್ ಬಂದ್ರ ನಾ ಅಲ್ಲೇ ಅದೀನಿ ಅಂತ."

"ಅಂತ."

"ನಾ ಹೆಂಗದೀನಿ ಅನ್ನೋದು ಅದರಾಗ ಬರಂಗಿಲ್ಲ."

"ಅದು ಬ್ಯಾರೆ ವಿಷಯ, ಅದಕ್ಕ ಬ್ಯಾರೆ ಮಾದರಿ ಬೇಕು" ಅಂದೆ. ಎಷ್ಟು ಖುಷಿಯಾಯಿತು! ಆರು ವರ್ಷದಲ್ಲಿ ಗೈಡು ಇಷ್ಟು ಚೊಕ್ಕ ಪ್ರಶ್ನೆ ಕೇಳಿಲ್ಲ. ಇನ್ನು ಮುಂದೆ ಮೂರು ನಾಲ್ಕು ವಾರ ಭಾನುವಾರವೂ ಬರಲಾಗುವುದಿಲ್ಲ, ಕ್ಯಾಂಪ್ ಇದೆ, ಲಸಿಕೆ ಇದೆ ಅಂದಳು. ರಿಂಗ್ ಬರುತ್ತಿರುವಾಗ ನನಗೇನು? ಆಗಲಿ ಅಂದೆ. ಕ್ಯಾಂಪಿಗೆಂದು ಇವತ್ತು ಸಂಜೆಯೇ ಹೊರಟಳು, ಹೋಗುವಾಗ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಹಬ್ಬವಲ್ಲ ಹುಣ್ಣಿಮೆಯಲ್ಲ, ಯಾಕೆ ಅಂತ ತಿಳಿಯಲಿಲ್ಲ.

೨ ಸೆಪ್ಟೆಂಬರ್, ಬುಧವಾರ

ಅಂಕಿಗಳು ಬಂಗಾರ. ಮುಂಜಾನೆ, ಸಂಜೆ, ವಲಯ ಬದಲಾದಾಗ, ಎಲ್ಲ ಗಡಿಯಾರದ ಹಾಗೆ. ಮಾದರಿ ಹೇಳಿದ್ದಕ್ಕೂ ಅವಳ ಓಡಾಟಕ್ಕೂ ಕೂದಲೆಳೆ ವ್ಯತ್ಯಾಸವಿಲ್ಲ. ಮೂರನೇ ಅಧ್ಯಾಯ ಮುಗಿಸಿ ಧಾರವಾಡಕ್ಕೆ ಕಳಿಸಿದೆ. "ಭಾಳ ಚಲೋ ಆಗೈತಿ" ಅಂತ ಗೈಡು ಫೋನು ಮಾಡಿದರು. ಬೇಗ ಇಡಿ ಅಂದೆ. ಲೈನ್ ಬಿಜಿ ಇದ್ದರೆ ರಿಂಗ್ ಒಳಗೆ ಬರುವುದಿಲ್ಲ.

ಹಾಲಿಗೂ ಹೊರಗೆ ಹೋಗುತ್ತಿಲ್ಲ. ಪಕ್ಕದ ಮನೆಯ ಹುಡುಗಿ ಫೋನು ಮುಟ್ಟಿತು ಅಂತ ಗದರಿಸಿದೆ, ಆಮೇಲೆ ಯಾರೂ ಈ ಕಡೆ ಬಂದಿಲ್ಲ. ಒಳ್ಳೆಯದೇ ಆಯಿತು. ಸಂಜೆ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುತ್ತೇನೆ. ರಿಂಗ್ ಆದಾಗ "ಕಂಪ್ಲಿಗೆ ಬಂದ್ಲು ನೋಡು" ಅಂತ ಬಾಯಲ್ಲಿ ತಾನಾಗಿ ಬರುತ್ತದೆ. ಕೇಳುವುದಕ್ಕೆ ಯಾರೂ ಇಲ್ಲ.

೧೨ ಸೆಪ್ಟೆಂಬರ್, ಶನಿವಾರ

ಎರಡು ದಿನದಿಂದ ಜಡಿ ಮಳೆ. ಮುಂಜಾನೆ ದರೋಜಿಯ ಒಂದು ರಿಂಗ್ ಬಂತು. ಮಧ್ಯಾಹ್ನ ಕಂಪ್ಲಿಯ ಎರಡು ರಿಂಗ್ ಬಂತು. ಬರೆದುಕೊಂಡೆ. ಸಂಜೆ ಪೇಪರ್ ದುಡ್ಡಿಗೆ ಬಂದವನು ಹಾಗೇ ಮಾತಿಗೆ, "ದರೋಜಿ ಕಂಪ್ಲಿ ದಾರ್ಯಾಗ ಹಳ್ಳ ಬಂದೈತ್ರಿ ಸಾರ್. ನಿನ್ನೆ ಸಂಜಿಂದ ಒಂದು ಬಸ್ ಇಲ್ಲ, ಎತ್ತಿನ ಬಂಡಿನೂ ದಾಟಿಲ್ಲ" ಅಂದ.

ಹಾಗಾದರೆ ಹೇಗೆ ದಾಟಿದಳು?

ಹಿಂದಿನ ಹಾಳೆಗಳನ್ನೆಲ್ಲ ಹರಡಿಕೊಂಡು ನೋಡಿದೆ. ನಾಲ್ಕು ವಾರದಿಂದ ಒಂದು ದಿನವೂ ಬಸ್ ತಪ್ಪಿಲ್ಲ, ಒಂದು ದಿನವೂ ತಲೆ ಸುತ್ತಿಲ್ಲ, ಒಂದು ಹೆರಿಗೆಯೂ ಅಡ್ಡ ಬಂದಿಲ್ಲ. ಮನುಷ್ಯರು ಹೀಗೆ ನಡೆಯುವುದಿಲ್ಲ. ನನ್ನ ಮಾದರಿ ನಡೆಯುವುದು ಹೀಗೆ.

೧೩ ಸೆಪ್ಟೆಂಬರ್, ಭಾನುವಾರ

ಹಳ್ಳ ಇಳಿದಿದೆ. ಇವತ್ತು ಹುಡುಕಾಟ. ಸಂಭವನೀಯತೆ ಹೆಚ್ಚಿದ್ದ ಕಡೆಯಿಂದ ಶುರು, ಪುಸ್ತಕದ ಪ್ರಕಾರ.

ದರೋಜಿ. ಕ್ವಾರ್ಟರ್ಸಿನಲ್ಲಿ ಬೇರೆ ನರ್ಸು. ಹೊನ್ನೂರಮ್ಮ ತಾನೇ ಕೇಳಿ ವರ್ಗ ಮಾಡಿಸಿಕೊಂಡು ಆಗಸ್ಟಿನಲ್ಲೇ ಹೋದಳಂತೆ. ಎಲ್ಲಿಗೆ? "ಗೊತ್ತಿಲ್ರಿ" ಅಂತ ಬಾಗಿಲು ಹಾಕಿಕೊಂಡಳು. ಕೆಂಚಣ್ಣನ ಬೂತಿಗೆ ಹೋಗಿ ಕೊರಳಪಟ್ಟಿ ಹಿಡಿದೆ. ಅವನು ಕೈ ಬಿಡಿಸಿಕೊಳ್ಳಲೂ ಇಲ್ಲ. "ಹೌದ್ರಿ ಸಾರ್. ದಿನಾ ರಿಂಗ್ ಕೊಡೋನು ನಾನ. ಅಕ್ಕ ಕೇಳಿದ್ಲು, ಕೊಡ್ತೀನಿ. ನನ್ನ ಹೆಂಡ್ತಿ, ನನ್ನ ಮಗಳು ಅಕಿ ಉಳಿಸಿಕೊಟ್ಟ ಜೀವ. ಆ ದಿನ ನೀವೂ ಬಾಗಿಲಾಗ ಇದ್ರೆಲ್ಲ, ನೋಡೀರಿ." ಒಳಗೆ ಕೂಸು ಅಳುತ್ತಿತ್ತು.

ಕುರೆಕುಪ್ಪ. ಅಲ್ಲಿ ಬೂತು ಇಟ್ಟವಳು ತಾಯಕ್ಕ ಅಂತ ದಪ್ಪ ಹೆಂಗಸು. ನನ್ನ ಹೆಸರು ಹೇಳುವ ಮೊದಲೇ, "ಮೂರು ರಿಂಗಿನ ಸಾಹೇಬ್ರಾ?" ಅಂದಳು. ಅಲ್ಲಿ ಕೂತ ಹೆಣ್ಣಾಳುಗಳೆಲ್ಲ ನಕ್ಕರು.

ಸೊಂಡೂರು. ಹನುಮಣ್ಣ ಅಂಗಳದಲ್ಲೇ ತಡೆದ. "ಪಂಚಮಿಗೆ ಕರಿಯಾಕ ಬರ್ತೀನಿ ಅಂದ್ರ ಕಳಿಸಲಿಲ್ಲ. ಈಗ ನನ್ನ ತಂಗಿನ್ನ ನನ್ನ ಕಡೆ ಕೇಳಾಕ ಬಂದೀರಿ? ಮೊದಲು ಹೇಳ್ರಿ, ನೀವು ಅಕಿನ್ನ ಏನು ಮಾಡೀರಿ?" ನಿಜಕ್ಕೂ ಅವನಿಗೆ ಗೊತ್ತಿರಲಿ ಬಿಡಲಿ, ಕಣ್ಣಲ್ಲಿ ನೀರಿತ್ತು.

ಉಳಿದದ್ದು ಕಂಪ್ಲಿ. ಅಲ್ಲಿ ನಮ್ಮ ಅವ್ವ ಇದ್ದಾಳೆ, ನನಗೆ ಹೇಳದೆ ಇರುವವಳಲ್ಲ. ಹಾಗಾಗಿ ಅವಳು ಅಲ್ಲಿರುವ ಸಂಭವ ಸೊನ್ನೆ ಅಂತ ಹಾಕಿದ್ದೆ.

೧೪ ಸೆಪ್ಟೆಂಬರ್, ಸೋಮವಾರ
ಕಂಪ್ಲಿಯಿಂದ ಬಂದ ಮೇಲೆ

ಅವ್ವ ಪಡಸಾಲೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ನೋಡಿ ಎದ್ದೇಳಲಿಲ್ಲ. "ಬಾ. ನಿನ್ನೇನ ಬರ್ತಿ ಅನಕೊಂಡಿದ್ದೆ" ಅಂದಳು.

"ಅವ್ವಾ, ಹೊನ್ನೂರಮ್ಮ ಎಲ್ಲಿ?"

"ನನಗ ಗೊತ್ತಿಲ್ಲ. ಗೊತ್ತಿದ್ರ ನೀ ಬಾಯಿ ಬಿಡಿಸ್ತಿ. ಅದಕ್ಕ ನನಗ ಹೇಳಬ್ಯಾಡ ಅಂತ ನಾನ ಅಂದೆ."

"ಎರಡು ರಿಂಗ್ ಕೊಡೋರು ಯಾರು?"

"ನಾನು. ನಂಬರು ಪಕೀರಮ್ಮ ಒತ್ತಿಕೊಡ್ತಾಳ. ಎರಡು ಸಲ ಬಡಿದ ಕೂಡ್ಲೆ ನಾ ಇಡ್ತೀನಿ."

ನನ್ನ ಹೆತ್ತ ತಾಯಿ. ಸಿಟ್ಟು ನೆತ್ತಿಗೇರಿತು. ನಾನು ಏನು ತಪ್ಪು ಮಾಡಿದ್ದೆ? ಹೆಂಡತಿ ಎಲ್ಲಿದ್ದಾಳೆ ಅಂತ ಗಂಡ ಕೇಳಬಾರದೇ? ಅಪ್ಪ ಕೇಳುತ್ತಿರಲಿಲ್ಲವೇ? ಅಕ್ಕರೆಯಿಂದ ಪ್ರತಿ ತೂಬಿಗೂ ಕೂಗಿಸುತ್ತಿರಲಿಲ್ಲವೇ? ಓಣಿಗೆಲ್ಲ ಕೇಳುವಂತೆ ಹೀಗೇ ಅಂದೆ.

ಅವ್ವ ಮೊರ ಕೆಳಗಿಟ್ಟಳು. "ಅಕ್ಕರಿ!" ಅಂದಳು. ಸೆರಗು ಸರಿಸಿ ಬೆನ್ನು ತಿರುಗಿಸಿದಳು. ಭುಜದ ಕೆಳಗೆ ಎರಡು ಹಳೆಯ ಬಾಸುಂಡೆ ಗುರುತು, ಕಟ್ಟಿದ ಹಗ್ಗದಷ್ಟು ದಪ್ಪ. ನಲವತ್ತು ವರ್ಷವಾಗುತ್ತ ಬಂದ ನಾನು ನಮ್ಮ ಅವ್ವನ ಬೆನ್ನು ನೋಡಿರಲಿಲ್ಲ. "ಸಲಿಕಿ ಕಾವಿಲೆ ನಿಮ್ಮಪ್ಪ ಹೊಡದದ್ದು. ಕೂಗು ತಡ ಆದ ದಿನ ಇದು. ಮೂರನೇ ತೂಬಿನ್ಯಾಗ ಕೂಗಬೇಕಾದ್ದು ನಾಕನೇದ್ರಾಗ ಕೂಗಿದ್ರ ಇದು. ನೀ ನಿದ್ದಿ ಮಾಡ್ತಿದ್ದಿ."

ನಾನು ಏನೋ ಹೇಳಹೋದೆ. ಅವ್ವ ಬಿಡಲಿಲ್ಲ.

"ಇನ್ನೊಂದು ಕೇಳು. ನಾಟಿ ಸಾಲಿನಾಗ ಹೆಂಗಸ್ರದು ಒಂದು ರೂಢಿ ಐತಿ. ಒಬ್ಬಾಕಿ ಕೂಸಿಗೆ ಹಾಲು ಕುಡಸಾಕ ಹೋದ್ರ, ಮೇಸ್ತ್ರಿ ಹೆಸರು ಕರದ್ರ, ಬಾಜೂಕಿನಾಕಿ ಓ ಅನ್ನೋದು. ನನ್ನ ಬಾಜೂಕ ಬಸಕ್ಕ ಇದ್ಲು. ಒಂದಿನ ನಾ ಸಾಲು ಬಿಟ್ಟು ಹೊಳಿ ದಾಟಿ ಗಂಗಾವತಿತನಕ ಹೋದೆ, ತಿರುಗಿ ಬರಬಾರದು ಅಂತ ಹೋದೆ. ಇಡೀ ದಿನ ಬಸಕ್ಕ ನನ್ನ ಕೂಗು ಕೂಗಿದ್ಲು. ನಿಮ್ಮಪ್ಪ ಏರಿ ಮ್ಯಾಲ ಕುಂತು ಮೂರನೇ ತೂಬಿಗೆ ಬಂದ್ಲು, ನಾಕನೇ ತೂಬಿಗೆ ಬಂದ್ಲು ಅಂತಿದ್ನಂತ."

"ಮತ್ತ ಯಾಕ ಬಂದಿ?"

"ನೀ ಅವನ ತೊಡಿ ಮ್ಯಾಲಿದ್ದಿ, ಅದಕ್ಕ. ಗಂಗಾವತಿ ಬಸ್ ಸ್ಟ್ಯಾಂಡಿನಾಗ ಎದಿ ಹಾಲು ಸುರದು ರವಿಕಿ ತೊಯ್ತು. ತಿರುಗಿ ಬಂದೆ." ಅವ್ವ ಅಕ್ಕಿಯಲ್ಲಿ ಕೈಯಾಡಿಸಿದಳು. "ಹೊನ್ನೂರಿಗೆ ಈಗ ನಾಕು ತಿಂಗಳು. ಹೊಟ್ಟ್ಯಾಗಿದ್ದಾಗ್ಲೇ ಹೋಗು, ತೊಡಿ ಮ್ಯಾಲ ಕುಂತ ಮ್ಯಾಲ ಆಗಂಗಿಲ್ಲ ಅಂತ ನಾನ ಕಳಿಸಿದೆ."

ನಾಲ್ಕು ತಿಂಗಳು. ಡೀಸಲ್ ವಾಸನೆ. ಗಿಡದ ಬುಡ. ಯಾವ ಗಿಡ ಅಂತ ಕೇಳಿದ್ದೆ.

ಬಾಗಿಲ ತನಕ ಬಂದಾಗ ಅವ್ವ ಹಿಂದಿನಿಂದ ಅಂದಳು: "ಅಕಿನ್ನ ಹುಡುಕಾಕ ಹೋಗಬ್ಯಾಡ. ಇನ್ನ ಮ್ಯಾಲ ನಿನ್ನ ಮನಿಗೆ ಫೋನು ಬರ್ತಾವ. ಎರಡು ಸಲ ಬಡಿದು ನಿಲ್ಲಂಗಿಲ್ಲ, ಎತ್ತೋತನಕ ಬಡೀತಾವ. ಎತ್ತಬೇಕು. ಎತ್ತಲಿಲ್ಲ ಅಂದ್ರ ನೀ ಮನ್ಯಾಗಿಲ್ಲ, ದಾರ್ಯಾಗ ಅದಿ ಅಂತ ನಮಗ ಗೊತ್ತಾಗ್ತೈತಿ. ನಾ ಒಬ್ಬಾಕಿಗೆ ಹೇಳ್ತೀನಿ, ಅಕಿ ಇನ್ನೊಬ್ಬಾಕಿಗೆ ಹೇಳ್ತಾಳ. ನೀ ಬಸ್ ಇಳಿಯೋಕಿಂತ ಮೊದಲ ಅಕಿಗೆ ಮುಟ್ಟತೈತಿ."

೧೭ ಸೆಪ್ಟೆಂಬರ್, ಗುರುವಾರ

ಬರುತ್ತಿವೆ. ಎತ್ತಿದರೆ ಆ ಕಡೆ ಮಾತಿಲ್ಲ. ಉಸಿರು, ಬಸ್ಸಿನ ಹಾರನ್, ಒಮ್ಮೆ ಕೂಸಿನ ಅಳು, ಒಮ್ಮೆ ಗಿರಣಿಯ ಸದ್ದು. ಇಡುತ್ತಾರೆ. ಹೊತ್ತು ಗೊತ್ತಿಲ್ಲ. ನಿನ್ನೆ ಮುಂಜಾನೆ ನಾಲ್ಕು, ಇವತ್ತು ಸಂಜೆಯ ತನಕ ಒಂದೂ ಇಲ್ಲ, ಸ್ನಾನಕ್ಕೆ ಹೋದ ಕೂಡಲೇ ಒಂದು. ಒದ್ದೆ ಮೈಯಲ್ಲಿ ಓಡಿದೆ. ಯಾವ ಕ್ರಮದಲ್ಲಿ ಬರುತ್ತವೆ ಅಂತ ಬರೆದಿಡುತ್ತಿದ್ದೇನೆ. ಕ್ರಮವಿಲ್ಲ.

೨೨ ಸೆಪ್ಟೆಂಬರ್, ಮಂಗಳವಾರ

ನಾನೇನು ಇವರಿಗೆಲ್ಲ ಹೆದರುವವನೇ? ಇವತ್ತು ಮುಂಜಾನೆ ಚೀಲ ತೆಗೆದುಕೊಂಡು ಹೊರಟೆ. ವರ್ಗದ ಸುದ್ದಿ ಎಲ್ಲಾದರೂ ಸಿಗುತ್ತದೆ, ಸರ್ಕಾರಿ ನೌಕರಿ ಎಲ್ಲಿ ಅಡಗುತ್ತದೆ? ಬೀಗ ಹಾಕುವಾಗ ಒಳಗೆ ಫೋನು ಶುರುವಾಯಿತು. ಬಡಿಯಲಿ ಅಂತ ನಡೆದೆ. ಓಣಿಯ ತಿರುವಿನ ತನಕ ಕೇಳಿಸುತ್ತಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಬಳ್ಳಾರಿ ಬಸ್ ಹತ್ತಿ ಕಿಟಕಿ ಪಕ್ಕ ಕೂತೆ. ಕೆಳಗೆ ಒಬ್ಬ ಮುದುಕಿ ಮಲ್ಲಿಗೆ ಕಟ್ಟಿ ಮಾರುತ್ತಿದ್ದಳು. ಈ ಜನ್ಮದಲ್ಲಿ ನಾನು ನೋಡಿದ ಮುಖವಲ್ಲ. ಹೂವಿನ ದಾರ ಹಲ್ಲಿನಲ್ಲಿ ಕಡಿದು, ತಲೆ ಎತ್ತಿ, ಭಾಳ ಮರ್ಯಾದೆಯಿಂದ ಅಂದಳು:

"ಓಬಳೇಶಪ್ಪ ಅಲ್ಲೇನ್ರಿ? ನಿಮ್ಮ ಮನ್ಯಾಗ ಫೋನು ಬಡೀತೈತಂತ. ಹೋಗಿ ಎತ್ತಬೇಕಂತ್ರಿ."

ಸುತ್ತ ನೋಡಿದೆ. ಪಕ್ಕದ ಸೀಟಿನಲ್ಲಿ ಕೂಸು ಎತ್ತಿಕೊಂಡವಳು ನನ್ನನ್ನೇ ನೋಡುತ್ತಿದ್ದಳು. ಟಿಕೆಟಿಗೆ ಚಿಲ್ಲರೆ ಎಣಿಸುತ್ತಿದ್ದವಳು ಎಣಿಕೆ ನಿಲ್ಲಿಸಿದ್ದಳು. ಯಾರು ಇವರಲ್ಲಿ, ಯಾರು ಅಲ್ಲ? ನನಗೆ ಹೆದರಿಕೆಯಾಯಿತು. ಇದನ್ನು ನನಗಾಗಿಯೇ ಬರೆದುಕೊಳ್ಳುತ್ತಿದ್ದೇನೆ, ಇಲ್ಲಿ ಯಾಕೆ ಸುಳ್ಳು? ಭಾಳ ಹೆದರಿಕೆಯಾಯಿತು. ಬಸ್ ಇಳಿದು ಮನೆಗೆ ನಡೆದೆ.

ತಿರುವಿಗೆ ಬಂದಾಗಲೂ ಬಡಿಯುತ್ತಲೇ ಇತ್ತು. ಕೀಲಿ ಬೀಗದೊಳಗೆ ಹೋಗಲು ಮೂರು ಸಲ ಬೇಕಾಯಿತು. ಚಪ್ಪಲಿ ಕಾಲಲ್ಲೇ ಒಳಗೆ ಓಡಿ ಎತ್ತಿದೆ.

ಈ ಸಲ ಇಡಲಿಲ್ಲ. ಉಸಿರು ಕೇಳುತ್ತಿತ್ತು. ಎಲ್ಲಿಂದಲೋ, ಯಾರದೋ. ಏನಕ್ಕೋ ಕಾಯುತ್ತಿತ್ತು.

"ಇದೀನಿ" ಅಂದೆ.

ಇಟ್ಟರು.